ಕೂಡುವ ಲೆಕ್ಕದ ಗುಣಗಳು: ಚಿಕ್ಕ ಮಕ್ಕಳಿಗೆ ಹೇಳಿಕೊಡುವುದು ಹೇಗೆ?



ಆರನೇ ತರಗತಿಯ ಪೂರ್ಣ ಸಂಖ್ಯೆಗಳ ಪಾಠದಲ್ಲಿ ಸಂಕಲನದ ನಿಯಮಗಳನ್ನು ನಾವೆಲ್ಲ ಓದಿದ್ದೇವೆ. ಆವೃತ ನಿಯಮ, ಪರಿವರ್ತನೀಯ ನಿಯಮ, ಸಹವರ್ತನೀಯ ನಿಯಮ, ಅನನ್ಯತಾಂಶ. ಹೆಸರು ಕೇಳಿದರೇ ಬಾಯಿ ಒಣಗುತ್ತದೆ. ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತವರೇ ಜಾಸ್ತಿ. ಆದರೆ ಈ ಗುಣಗಳು ನಮಗಿಂತ ಹೆಚ್ಚಾಗಿ ಬೇಕಾಗಿರುವುದು ಒಂದನೇ, ಎರಡನೇ ತರಗತಿಯ ಮಕ್ಕಳಿಗೆ. ಅವರಿಗೆ ಹೆಸರು ಬೇಡ, ಗುಣ ಗೊತ್ತಾದರೆ ಸಾಕು.

ನಮ್ಮ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಈ ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದದ್ದು. ಗೊತ್ತಿರುವ ಮಕ್ಕಳು ಗೊತ್ತಿಲ್ಲದವರಿಗೆ ಹೇಳಿಕೊಡುವುದು ಅದರ ಪದ್ಧತಿಯಲ್ಲೇ ಇದೆ. ಮಿಸ್ ಮೀಟಿಂಗಿಗೆ ಹೋದ ದಿನ ಏಳನೇ ತರಗತಿಯಿಂದ ನಾವಿಬ್ಬರು ಹೋಗಿ ಅಲ್ಲಿ ಕೂರುತ್ತೇವೆ. ನಾನು ನೋಡಿದ್ದು, ಮಾಡಿದ್ದು ಅಲ್ಲಿಯದೇ.

ಎರಡನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಹೆಸರು ಬೇಡ. ಯಾವ ಲೆಕ್ಕ ಕೇಳಿದರೂ ತಲೆ ಬಗ್ಗಿಸೋಳು. ಪಕ್ಕದವರು "ಅವ್ಳಿಗೆ ಬರಲ್ಲ ಕಣಕ್ಕ" ಅಂತ ತಾವೇ ಹೇಳಿಬಿಡೋರು. ಅವಳೂ ಅದನ್ನೇ ನಂಬಿಕೊಂಡಿದ್ದಳು. ಅವಳು 2 + 9 ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಎರಡು ಅಂತ ಮನಸ್ಸಿನಲ್ಲಿಟ್ಟುಕೊಂಡು ಮೂರು, ನಾಲ್ಕು, ಐದು ಅಂತ ಒಂಬತ್ತು ಬೆರಳು ಮಡಚಬೇಕು. ಆರೇಳು ಬೆರಳಾಗುವಷ್ಟರಲ್ಲಿ ಎಲ್ಲಿದ್ದೆ ಅನ್ನುವುದೇ ತಪ್ಪಿಹೋಗುತ್ತಿತ್ತು. ಅದೂ ಬೆರಳನ್ನು ಸ್ಲೇಟಿನ ಕೆಳಗೆ ಬಚ್ಚಿಟ್ಟುಕೊಂಡು, ಯಾರಾದರೂ ನಗುತ್ತಾರೆ ಎಂದು. ಅದೇ ಹುಡುಗಿಗೆ 9 + 2 ಕೇಳಿದೆ. "ಹತ್ತು, ಹನ್ನೊಂದು" ಎಂದಳು. ಎರಡೇ ಬೆರಳು. ಅಂದರೆ ಅವಳಿಗೆ ಕೂಡುವುದು ಬರುತ್ತಿತ್ತು. ತಿರುಗಿಸಿ ಕೂಡಬಹುದು ಅನ್ನುವುದೊಂದು ಗೊತ್ತಿರಲಿಲ್ಲ, ಅಷ್ಟೆ.

ಇದರಿಂದ ಎಷ್ಟು ಭಾರ ಇಳಿಯುತ್ತದೆ ನೋಡಿ. 1ರಿಂದ 9ರವರೆಗಿನ ಅಂಕಿಗಳನ್ನು ಎರಡೆರಡಾಗಿ ಕೂಡುವ ಲೆಕ್ಕಗಳು ಒಟ್ಟು 9 × 9 = 81. ಇದರಲ್ಲಿ 1 + 1, 2 + 2 ಹೀಗೆ 9 + 9ರವರೆಗಿನ ಒಂಬತ್ತು ಲೆಕ್ಕ ತಿರುಗಿಸಿದರೂ ಅವೇ. ಉಳಿದ 72 ಜೋಡಿ ಜೋಡಿಯಾಗಿವೆ, ಅಂದರೆ 36 ಜೋಡಿ. ತಿರುಗಿಸಲು ಬಂದ ಮಗುವಿಗೆ ಕಲಿಯಬೇಕಾದದ್ದು 36 + 9 = 45 ಮಾತ್ರ. ಮಿಕ್ಕ 36 ಪುಕ್ಕಟೆ!

ಹಾಗಂತ "ಎ ಕೂಡಿಸು ಬಿ ಸಮ ಬಿ ಕೂಡಿಸು ಎ" ಎಂದು ಬೋರ್ಡಿನ ಮೇಲೆ ಬರೆದರೆ ಆರು ವರ್ಷದ ಮಗುವಿಗೆ ಏನೂ ಆಗಲ್ಲ. ನಾನು ಮಾಡಿದ್ದು ಇಷ್ಟು. ಸ್ಲೇಟನ್ನು ನೆಲದ ಮೇಲಿಟ್ಟು ಎಡಗಡೆ 3 ಹುಣಸೆಬೀಜ, ಬಲಗಡೆ 5 ಇಟ್ಟೆ. ಎಷ್ಟಿದೆ ಎಂದೆ. ಎಣಿಸಿ ಎಂಟು ಎಂದರು. ಬೀಜ ಅಲುಗಾಡದ ಹಾಗೆ ಸ್ಲೇಟನ್ನೇ ಅರ್ಧ ಸುತ್ತು ತಿರುಗಿಸಿದೆ. ಈಗ ಎಡಗಡೆ 5, ಬಲಗಡೆ 3. ಈಗ ಎಷ್ಟು? ಕೆಲವರು ಮತ್ತೆ ಒಂದರಿಂದ ಎಣಿಸಿದರು. ಒಬ್ಬ ಮಾತ್ರ "ನೀನೇನೂ ಹಾಕ್ಲೇ ಇಲ್ವಲ್ಲಕ್ಕ, ಎಂಟೇ" ಎಂದ. ಪರಿವರ್ತನೀಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಸಾಧನೆ ನಮ್ಮ ಪುಸ್ತಕದಲ್ಲೂ ಇಲ್ಲ ಎಂದು ನನಗನ್ನಿಸಿತು.

ಮತ್ತೆ ಎಣಿಸಿದವರನ್ನು ದಡ್ಡರು ಅನ್ನಬೇಡಿ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ (1896–1980) ಎಂಬ ವಿದ್ವಾಂಸರು ಚಿಕ್ಕ ಮಕ್ಕಳ ಮುಂದೆ ಸಮಸಂಖ್ಯೆಯ ವಸ್ತುಗಳ ಎರಡು ಸಾಲು ಜೋಡಿಸಿ, ಆಮೇಲೆ ಒಂದು ಸಾಲನ್ನು ಉದ್ದಕ್ಕೆ ಹರಡಿ ನೋಡಿದರು. ಉದ್ದದ ಸಾಲಿನಲ್ಲೇ ಜಾಸ್ತಿ ಇದೆ ಎಂದು ಚಿಕ್ಕ ಮಕ್ಕಳು ಹೇಳಿದರು. ಜಾಗ ಬದಲಾದರೂ ಎಣಿಕೆ ಬದಲಾಗಲ್ಲ ಅನ್ನುವುದು ಆ ವಯಸ್ಸಿಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಅಂಥ ಮಗು ಎಣಿಸಲಿ ಬಿಡಿ. ಹತ್ತು ಸಲ ಎಣಿಸಿ ಹತ್ತು ಸಲವೂ ಎಂಟೇ ಬಂದ ಮೇಲೆ ಹನ್ನೊಂದನೇ ಸಲ ತಾನೇ ಎಣಿಸುವುದನ್ನು ಬಿಡುತ್ತದೆ.

ನಮ್ಮ ಹುಡುಗಿ ಎರಡು ದಿನದಲ್ಲಿ "ದೊಡ್ಡದನ್ನ ಮೊದಲು ಇಟ್ಕೋಬೇಕು" ಎಂದು ತಾನೇ ಒಂದು ನಿಯಮ ಮಾಡಿಕೊಂಡಳು, ಉಳಿದವರಿಗೂ ಹೇಳಿಕೊಟ್ಟಳು. ಆದರೆ ಇಲ್ಲೊಂದು ಅಪಾಯ ಇದೆ. ಕಳೆಯುವ ಲೆಕ್ಕಕ್ಕೂ ಮಕ್ಕಳು ಇದನ್ನೇ ಹಾಕಿಬಿಡುತ್ತಾರೆ. 42ರಲ್ಲಿ 17 ಕಳೆ ಎಂದರೆ, ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದು 5, ನಾಲ್ಕರಲ್ಲಿ ಒಂದು ಕಳೆದು 3, ಉತ್ತರ 35! ಸರಿ ಉತ್ತರ 25. ಮೂರನೇ ತರಗತಿಯ ಸ್ಲೇಟುಗಳಲ್ಲಿ ಇದನ್ನು ಎಷ್ಟು ಬೇಕಾದರೂ ನೋಡಬಹುದು. ಆದ್ದರಿಂದ ಯಾವುದನ್ನು ತಿರುಗಿಸಬಾರದು ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ನಾನು ಮುದ್ದೆಯ ಉದಾಹರಣೆ ಕೊಟ್ಟೆ. ಎಸರು ಕುದಿದ ಮೇಲೆ ಹಿಟ್ಟು ಹಾಕಿದರೆ ಮುದ್ದೆ. ಒಲೆ ಮೇಲೆ ಬರೀ ಹಿಟ್ಟಿಟ್ಟು ಆಮೇಲೆ ನೀರು ಹೊಯ್ದರೆ? ಎಲ್ಲರೂ "ಗಂಟು ಗಂಟು" ಎಂದು ನಕ್ಕರು. ಎಂಟು ಬೀಜದಲ್ಲಿ ಮೂರು ತೆಗೆಯಬಹುದು, ಮೂರರಲ್ಲಿ ಎಂಟು ತೆಗೆ ನೋಡೋಣ ಎಂದೆ. ಬೀಜ ಹಿಡಿದುಕೊಂಡೇ ಸುಮ್ಮನೆ ಕೂತರು.

ಚೌಕಾಬಾರ ಆಡುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ನಾಲ್ಕು ಬಿದ್ದು ಮತ್ತೆ ಮೂರು ಬಿದ್ದರೆ ಕಾಯಿ ಏಳು ಮನೆ ಹೋಗುತ್ತದೆ. ಮೂರು ನಡೆಸಿ ಆಮೇಲೆ ನಾಲ್ಕು ನಡೆಸಿದರೂ ನಿಲ್ಲುವ ಮನೆ ಅದೇ. ಆದರೆ ನಡುವೆ ಕಾಲಿಡುವ ಮನೆ ಬೇರೆ, ಅಲ್ಲಿ ಎದುರಾಳಿಯ ಕಾಯಿ ಕಡಿಯಲು ಸಿಕ್ಕರೂ ಸಿಗಬಹುದು. ಮೊತ್ತ ಒಂದೇ, ದಾರಿ ಬೇರೆ.

ಇನ್ನು ಮೂರು ಸಂಖ್ಯೆ ಕೂಡುವುದು. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದಲ್ಲಿ ಕಾಯಿ ಕೆಡವಿದ ಮೇಲೆ ಅಲ್ಲಲ್ಲಿ ಗುಡ್ಡೆ ಹಾಕಿರುತ್ತಾರೆ. ಮೂರು ಗುಡ್ಡೆ ಇದ್ದರೆ ಮೊದಲ ಎರಡನ್ನು ಸೇರಿಸಿ ಮೂರನೆಯದಕ್ಕೆ ತಂದು ಹಾಕಿ, ಇಲ್ಲ ಕೊನೆಯ ಎರಡನ್ನು ಸೇರಿಸಿ ಮೊದಲನೆಯದಕ್ಕೆ ಹಾಕಿ, ಕಾಯಿ ಅಷ್ಟೇ. ಸಹವರ್ತನೀಯ ನಿಯಮ ಅಂದರೆ ಇದೇ. ಆವರಣ ಚಿಹ್ನೆ ಹಾಕಿ ಹೆದರಿಸುವ ಅಗತ್ಯವಿಲ್ಲ. ಇದರ ನಿಜವಾದ ಉಪಯೋಗ ಹತ್ತು ಮಾಡುವುದರಲ್ಲಿದೆ. 8 + 5 ಬಂದಾಗ ಐದನ್ನು 2 ಮತ್ತು 3 ಎಂದು ಒಡೆದು, ಎರಡನ್ನು ಎಂಟರ ಗುಡ್ಡೆಗೆ ಕೊಡಿ. ಅದು ಹತ್ತಾಯಿತು, ಮೂರು ಉಳಿಯಿತು. ಹತ್ತು ಮತ್ತು ಮೂರು ಅಂದರೆ ಹದಿಮೂರು. ನಮ್ಮ ಕನ್ನಡದ ಮಾತೇ ಉತ್ತರ ಹೇಳಿಬಿಡುತ್ತದೆ! ಹದಿನಾಲ್ಕು, ಹದಿನೈದು, ಹದಿನಾರು, ಎಲ್ಲದರಲ್ಲೂ ಹತ್ತು ಅಡಗಿ ಕೂತಿದೆ. ಹತ್ತೊಂಬತ್ತರಲ್ಲಂತೂ ಅಡಗಿಲ್ಲ, ಎದುರಿಗೇ ಇದೆ. ಹಿಂದಿಯ ‘ಉನ್ನೀಸ್’ನಲ್ಲಿ ಈ ಸುಲಭ ಇಲ್ಲ. ಕನ್ನಡದಲ್ಲಿ ಲೆಕ್ಕ ಹೇಳುವುದು ಇವತ್ತಿನದೂ ಅಲ್ಲ. ನಮ್ಮ ಜಿಲ್ಲೆಯ ಹಳೇಬೀಡಿನಿಂದ ಹೊಯ್ಸಳರು ಆಳುತ್ತಿದ್ದ 12ನೇ ಶತಮಾನದಲ್ಲೇ ರಾಜಾದಿತ್ಯ ಎಂಬ ಕವಿ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿ ಬರೆದಿದ್ದಾನೆ.

ಒಂದು ಸಂಖ್ಯೆಯನ್ನು ಒಡೆಯುವುದು ಅಭ್ಯಾಸ ಆಗಲಿ ಎಂದು ತಾಲ್ಲೂಕಿನ ಆಟ ಆಡಿಸಿದೆ. ನಮ್ಮ ಜಿಲ್ಲೆಗೆ ಎಂಟು ತಾಲ್ಲೂಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕು. ಅರಸೀಕೆರೆ, ಬೇಲೂರು, ಆಲೂರು, ಸಕಲೇಶಪುರ ಇನ್ನು ನಾಲ್ಕು. ನೋಡಿರುವುದೆಷ್ಟು, ನೋಡದಿರುವುದೆಷ್ಟು ಎಂದು ಬೀಜ ಇಟ್ಟು ತೋರಿಸಬೇಕು. ಒಬ್ಬ 2 + 6 ಇಟ್ಟ. ಇನ್ನೊಬ್ಬಳು 6 + 2 ಇಟ್ಟಳು. ಇಬ್ಬರ ಲೆಕ್ಕವೂ ಎಂಟೇ, ಆದರೆ ತಿರುಗಾಟ ಒಂದೇ ಅಲ್ಲ ಎಂದು ಜಗಳವಾಯಿತು. ಒಳ್ಳೆಯ ಜಗಳ! ಮತ್ತೊಬ್ಬ "ನಮ್ಮಪ್ಪ ಆಲೂಗಡ್ಡೆ ಲಾರಿ ಓಡಿಸ್ತಾರೆ, ನಾನು ಎಂಟೂ ನೋಡಿವ್ನಿ" ಎಂದು ಎಲ್ಲ ಬೀಜ ಒಂದೇ ಕಡೆ ಇಟ್ಟ. ನಿಜವೋ ಸುಳ್ಳೋ, 8 + 0 ಸಿಕ್ಕಿತಲ್ಲ!

ಸೊನ್ನೆಯ ವಿಷಯದಲ್ಲಿ ನಮ್ಮ ಮಾತೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. "ಐದಕ್ಕೆ ಸೊನ್ನೆ ಸೇರಿಸು" ಎಂದರೆ ಮಗು ಐದರ ಪಕ್ಕ ಸೊನ್ನೆ ಬರೆದು 50 ಮಾಡುತ್ತದೆ. ಅದು ನಾವು ಹೇಳಿದ್ದನ್ನೇ ಮಾಡಿದೆ, ತಪ್ಪೇನು? ಅದಕ್ಕೇ ‘ಸೇರಿಸು’ ಎಂಬ ಮಾತನ್ನು ಇಲ್ಲಿ ಬಳಸದೆ, ಖಾಲಿ ಕರಟವನ್ನು ಐದು ಬೀಜದ ಮೇಲೆ ಬೋರಲು ಹಾಕಿ ತೋರಿಸುವುದು ಮೇಲು. ಏನೂ ಬೀಳಲಿಲ್ಲ, ಐದು ಐದೇ. ಯಾವ ಸಂಖ್ಯೆಗೆ ಸೊನ್ನೆ ಕೂಡಿದರೂ ಅದು ಬದಲಾಗುವುದಿಲ್ಲ ಎಂದು ಬ್ರಹ್ಮಗುಪ್ತ 628ರಲ್ಲೇ ನಿಯಮವಾಗಿ ಬರೆದಿಟ್ಟಿದ್ದ. ಆವೃತ ನಿಯಮವನ್ನು ಈ ವಯಸ್ಸಿಗೆ ಹೇಳುವುದೇ ಬೇಡ ಎಂದು ನನ್ನ ಅಭಿಪ್ರಾಯ. ಬೀಜಕ್ಕೆ ಬೀಜ ಕೂಡಿದರೆ ಬೀಜವೇ ಬರುತ್ತದೆ, ಅದರಲ್ಲಿ ಅವರಿಗೆ ಅನುಮಾನವೇ ಇಲ್ಲ.

ಕೊನೆಯದಾಗಿ ಸಮ ಚಿಹ್ನೆ. 3 + 5 = □ + 3 ಎಂದು ಬರೆದು ಡಬ್ಬಿ ತುಂಬಿಸಿ ಎಂದರೆ ಬಹಳ ಮಕ್ಕಳು 8 ಬರೆಯುತ್ತಾರೆ. ನಮ್ಮ ತರಗತಿಯಲ್ಲೂ ಕೇಳಿ ನೋಡಿ! ಸಮ ಚಿಹ್ನೆ ಅಂದರೆ ‘ಇಲ್ಲಿ ಉತ್ತರ ಬರಿ’ ಎಂದು ತಿಳಿದುಕೊಂಡುಬಿಟ್ಟಿರುತ್ತೇವೆ. ಎರಡು ಕರಟ, ಒಂದು ಕಡ್ಡಿ, ದಾರ ಕಟ್ಟಿ ತಕ್ಕಡಿ ಮಾಡಿ, ಒಂದೇ ಅಳತೆಯ ಗೋಲಿ ಹಾಕಿ. (ಹುಣಸೆಬೀಜ ಒಂದೊಂದು ಒಂದೊಂದು ತೂಕ, ತಕ್ಕಡಿಗೆ ಆಗಲ್ಲ.) ಒಂದು ಕಡೆ ಮೂರು ಮತ್ತು ಐದು, ಇನ್ನೊಂದು ಕಡೆ ಮೂರು. ಇನ್ನೆಷ್ಟು ಹಾಕಿದರೆ ಕಡ್ಡಿ ನೇರ ನಿಲ್ಲುತ್ತದೆ ಎಂದು ಸಂತೆಗೆ ಹೋದ ಮಗು ಯಾರೂ ಹೇಳದೆ ಹೇಳುತ್ತದೆ.

ಗುರುಗಳಲ್ಲಿ ಒಂದು ವಿನಂತಿ. ಬೆರಳೆಣಿಸುವ ಮಕ್ಕಳನ್ನು ಗದರಬೇಡಿ. ಬೆರಳು ಕಾಣಿಸಿದರೆ ಎಲ್ಲಿ ತಪ್ಪುತ್ತದೆ ಎಂದು ನಮಗೂ ಕಾಣಿಸುತ್ತದೆ, ಬಚ್ಚಿಟ್ಟರೆ ಕಾಣಿಸಲ್ಲ.

ಈಗ ಗೆಳೆಯರಿಗೆ ಎರಡು ಲೆಕ್ಕ. ಒಂದು: 17 + 26 + 3 + 4. ಎರಡು: 1ರಿಂದ 20ರವರೆಗಿನ ಎಲ್ಲ ಸಂಖ್ಯೆಗಳ ಮೊತ್ತ. ಒಂದರ ಕೆಳಗೊಂದು ಬರೆದು ಕೂಡಿದ ಉತ್ತರ ಬೇಡ. ಯಾವುದನ್ನು ತಿರುಗಿಸಿದಿರಿ, ಯಾವುದನ್ನು ಯಾವುದರ ಜೊತೆ ಜೋಡಿ ಮಾಡಿದಿರಿ ಎಂದು ಚೀಟಿಯಲ್ಲಿ ಬರೆದು, ತರಗತಿಯ ಹೆಸರು ಹಾಕಿ, ಶನಿವಾರದೊಳಗೆ ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿ.