ಕುದುರೆ ಕೊಳ್ಳಬೇಡಿ, ಜೀನಿನ ಮೇಲಿನ ಗಂಟೆ ಕೊಳ್ಳಿ

ಮನೆಯ ಮಗನೋ ಮಗಳೋ ಕುದುರೆ ಸವಾರಿಯ ಪ್ರಾಯೋಗಿಕ ಪರೀಕ್ಷೆಗೆ ಕೂರುತ್ತೇನೆಂದರೆ, ಸರಗೂರಿನಂಥ ಊರಲ್ಲಿ ಮೊದಲು ಏಳುವ ಪ್ರಶ್ನೆ ‘ಫೀಸು ಎಷ್ಟು?’ ನನ್ನ ಲೆಕ್ಕದಲ್ಲಿ ಅದು ಎರಡನೆಯ ಪ್ರಶ್ನೆ. ಜೀನಿನ ಮೇಲೆ ಕೂರುವ ಒಂದು ಗಂಟೆ ಮನೆ ಬಿಟ್ಟು ಮತ್ತೆ ಮನೆ ಸೇರುವಷ್ಟರಲ್ಲಿ ಎಷ್ಟಕ್ಕೆ ಬೀಳುತ್ತದೆ ಎಂಬುದೇ ಮೊದಲನೆಯದು. ಪರೀಕ್ಷೆಯ ಮಟ್ಟಕ್ಕೆ ಕಲಿಯಬೇಕೆಂದರೆ ಇಲ್ಲಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಮೈಸೂರಿನ ದಾರಿ ಹಿಡಿಯಬೇಕು. ಆ ದಾರಿಯ ಖರ್ಚನ್ನು ಸೇರಿಸದ ಬಜೆಟ್ಟು ಮೂರನೇ ತಿಂಗಳಿಗೆ ಕೈಕೊಡುತ್ತದೆ. ಹಣವೆಲ್ಲ ಗಂಟೆಗಳಿಗೆ ಹೋಗಬೇಕು, ವಸ್ತುಗಳಿಗಲ್ಲ. ನಾನು ವಾದಿಸಲು ಹೊರಟಿರುವುದು ಇಷ್ಟನ್ನೇ.

ಒಂದು ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ತರಬೇತಿ ಶಾಲೆಯ ದರ ಹಾಕಿಕೊಂಡು ನೀವೇ ಮತ್ತೆ ಮಾಡಿ ನೋಡಿ. ಕೈಯಲ್ಲಿ 30,000 ರೂಪಾಯಿ ಇದೆ ಎಂದುಕೊಳ್ಳಿ. ಒಂದು ತರಗತಿಗೆ 600, ಬಸ್ಸಿಗೆ 200, ತಿಂಡಿಗೆ 50, ಒಟ್ಟು 850. ಒಳ್ಳೆಯ ಹೆಲ್ಮೆಟ್ಟು ಮತ್ತು ಹಿಮ್ಮಡಿಯಿರುವ ಗಟ್ಟಿ ಬೂಟಿಗೆ 4,000 ತೆಗೆದಿಟ್ಟರೆ ಉಳಿಯುವ 26,000ದಲ್ಲಿ 30 ತರಗತಿ ಸಿಗುತ್ತದೆ. ಕಲಿಯುವವಳು ಹುಡುಗಿಯಾದರೆ ಚಿತ್ರವೇ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಆಗ ತರಗತಿಯೊಂದಕ್ಕೆ 650 ಬಿದ್ದು ಅದೇ ಹಣಕ್ಕೆ 40 ತರಗತಿಯಾಗುತ್ತದೆ. ಇನ್ನು ಮೊಣಕಾಲುದ್ದದ ಚರ್ಮದ ಬೂಟು, ಕೋಟು, ಸ್ವಂತ ಜೀನು ಎಂದು ಆರಂಭದಲ್ಲೇ ಇದರ ಮೇಲೆ ಮತ್ತೆ 12,000 ಖರ್ಚು ಮಾಡಿದರೆ ಹುಡುಗನಿಗೆ 16, ಹುಡುಗಿಗೆ 21 ತರಗತಿ ಮಾತ್ರ ಉಳಿಯುತ್ತದೆ. ಹೆಚ್ಚುಕಡಿಮೆ ಅರ್ಧ ಕಲಿಕೆ ಅಂಗಡಿಯಲ್ಲೇ ಮುಗಿದುಹೋಯಿತು. ಹೆಲ್ಮೆಟ್ಟಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ, ಬಳಸಿದ್ದನ್ನು ಕೊಳ್ಳಲೂಬೇಡಿ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಸತ್ತಿರುತ್ತದೆ.

ಗಂಟೆಯ ಮೇಲೆ ಇಷ್ಟು ಒತ್ತು ಏಕೆಂದರೆ ಪರೀಕ್ಷಕರು ನೋಡುವ ಸಂಗತಿಗಳು ಓದಿನಿಂದ ಬರುವಂಥವಲ್ಲ. ಕುದುರೆಯ ನಡಿಗೆಗೆ ನಾಲ್ಕು ತಾಳ, ಟ್ರಾಟ್ ಎಂಬ ನಿಧಾನದ ಓಟಕ್ಕೆ ಎರಡು, ಅದಕ್ಕಿಂತ ವೇಗದ ಕ್ಯಾಂಟರಿಗೆ ಮೂರು. ಟ್ರಾಟಿನಲ್ಲಿ ಸುತ್ತು ಹೊಡೆಯುವಾಗ ಕುದುರೆಯ ಹೊರಬದಿಯ ಭುಜ ಮುಂದೆ ಹೋದಾಗ ಸವಾರ ಏಳಬೇಕು, ಹಿಂದೆ ಬಂದಾಗ ಕೂರಬೇಕು. ಈ ಸಾಲನ್ನು ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಭುಜ ನೋಡದೆ, ತಲೆ ಬಗ್ಗಿಸದೆ, ಸೊಂಟಕ್ಕೇ ಅದು ಗೊತ್ತಾಗಲು ವಾರಗಳು ಬೇಕು. ಮಗ್ಗಿಯಂತೆ ಒಂದೇ ರಾತ್ರಿ ಕೂತು ಉರು ಹೊಡೆಯಲು ಬರುವುದಿಲ್ಲ. ಹಾಗಾಗಿ ಪರೀಕ್ಷೆಗೆ ಮುಂಚಿನ ಹತ್ತು ದಿನ ಮೈಸೂರಿನಲ್ಲಿ ರೂಮು ಮಾಡಿ ದಿನಕ್ಕೆ ಎರಡು ಗಂಟೆ ಸವಾರಿ ಮಾಡಿಸುತ್ತೇವೆ ಎನ್ನುವವರ ಯೋಜನೆ ನನಗೆ ಒಪ್ಪಿಗೆಯಿಲ್ಲ. ಬಸ್ಸಿನ ಖರ್ಚು ಉಳಿಯುತ್ತದೆ ಎಂಬುದು ನಿಜ. ಆದರೆ ಒಳತೊಡೆಯ ಸ್ನಾಯು ಮೂರನೇ ದಿನಕ್ಕೆ ಹಿಡಿದುಕೊಳ್ಳುತ್ತದೆ, ನೋವಿಗೆ ಸವಾರ ಬಿಗಿಯಾಗುತ್ತಾನೆ, ಅವನು ಬಿಗಿಯಾದರೆ ಕುದುರೆಯೂ ಬಿಗಿಯಾಗುತ್ತದೆ. ವಾರಕ್ಕೊಂದರಂತೆ ಮೂವತ್ತು ವಾರ ಕಲಿತವನು ಹತ್ತು ದಿನದಲ್ಲಿ ಇಪ್ಪತ್ತು ಗಂಟೆ ಮುಗಿಸಿದವನಿಗಿಂತ ಭದ್ರವಾಗಿ ಕೂರುತ್ತಾನೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪವೆಂದರೆ, ‘ಜಮೀನಿದೆ, ಕೊಟ್ಟಿಗೆಯಿದೆ, ಒಂದು ಕುದುರೆಯನ್ನೇ ಕೊಂಡರೆ ದಿನವೂ ಸವಾರಿ ಪುಕ್ಕಟೆಯಲ್ಲವೇ?’ ಎಂಬುದು. ದನ ಸಾಕಿದ ಮನೆಗೆ ಹೀಗನ್ನಿಸುವುದು ಸಹಜವೇ. ಆದರೆ ಕುದುರೆ ದನವಲ್ಲ. ಮೆಲುಕು ಹಾಕುವ ಪ್ರಾಣಿಯಲ್ಲ, ವಾಂತಿ ಮಾಡಿಕೊಳ್ಳಲೂ ಅದಕ್ಕೆ ಆಗುವುದಿಲ್ಲ. ಹಸು ಅರಗಿಸಿಕೊಳ್ಳುವ ಬೂಸಲು ಹಿಡಿದ ಹುಲ್ಲು ಕುದುರೆಗೆ ಹೊಟ್ಟೆಶೂಲೆ ತಂದು ಪ್ರಾಣವನ್ನೇ ತೆಗೆಯಬಹುದು. ನಾನೂರು ಕೆ.ಜಿ. ತೂಗುವ ಕುದುರೆ ತನ್ನ ತೂಕದ ಶೇ. 2ರಷ್ಟು, ಅಂದರೆ ದಿನಕ್ಕೆ ಸುಮಾರು 8 ಕೆ.ಜಿ. ಒಣಮೇವು ತಿನ್ನುತ್ತದೆ, ವರ್ಷಕ್ಕೆ ಮೂರು ಟನ್ನಿನ ಹತ್ತಿರ ಆಯಿತು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸಬೇಕು. ಟಾಂಗಾ ಮತ್ತು ರೇಸಿನ ಕುದುರೆಗಳಿರುವ ಮೈಸೂರಿನಲ್ಲಿ ಲಾಳ ಕಟ್ಟುವವರು ಸಿಗುತ್ತಾರೆ, ಹಳ್ಳಿಗೆ ಅವರನ್ನು ಕರೆಸುವುದು ಬೇರೆಯದೇ ಖರ್ಚು. ಬಂಡೀಪುರ, ನಾಗರಹೊಳೆ ಕಾಡಿನ ಅಂಚಿನಲ್ಲಿ ರಾತ್ರಿ ಜಾನುವಾರು ಕಾಯುವುದು ಎಷ್ಟು ಕಷ್ಟವೆಂದು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟೆಲ್ಲ ಮಾಡಿದರೂ ಪರೀಕ್ಷೆಗೆ ಅದರಿಂದ ಲಾಭ ಕಡಿಮೆ. ಪರೀಕ್ಷೆಯ ದಿನ ಕೈಗೆ ಬರುವುದು ಸಾಮಾನ್ಯವಾಗಿ ಅಲ್ಲಿಯ ಕುದುರೆ. ಒಂದೇ ಕುದುರೆಯ ಗುಣಕ್ಕೆ ಒಗ್ಗಿದವನು ಅಲ್ಲಿ ತಡವರಿಸುತ್ತಾನೆ. ಶಾಲೆಯಲ್ಲಿ ಇವತ್ತು ಸೋಮಾರಿ ಕುದುರೆ, ಮುಂದಿನ ವಾರ ಬೆಚ್ಚುವ ಕುದುರೆ ಎಂದು ಹತ್ತರ ಮೇಲೆ ಕೂತವನಿಗೆ ಆ ಭಯವಿಲ್ಲ.

ದುಡ್ಡೇ ಬೇಡದ ಇನ್ನೊಂದು ಭಾಗವಿದೆ, ಅದು ಲಾಯದ ಕೆಲಸ. ಉದಾಹರಣೆಗೆ, ಬ್ರಿಟಿಷ್ ಹಾರ್ಸ್ ಸೊಸೈಟಿಯ ಹಂತ ಪರೀಕ್ಷೆಗಳಲ್ಲಿ ಸವಾರಿಯಂತೆ ಆರೈಕೆಯೂ ಒಂದು ಪ್ರತ್ಯೇಕ ಭಾಗ. ಗೊರಸು ಎತ್ತುವುದನ್ನೇ ನೋಡಿ. ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಂತು, ಕೈಯನ್ನು ಕುದುರೆಯ ಕಾಲಿನ ಹಿಂಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಜಾರಿಸಿ, ಅದು ಕಾಲೆತ್ತಿದೊಡನೆ ಗೊರಸನ್ನು ಅಂಗೈಯಲ್ಲಿ ಹಿಡಿದು, ಹಿಮ್ಮಡಿಯಿಂದ ತುದಿಯ ಕಡೆಗೆ ಕೊಕ್ಕೆಯಿಂದ ಮಣ್ಣು ತೆಗೆಯಬೇಕು. ನಡುವೆ ಇರುವ ಮೆತ್ತನೆಯ ತ್ರಿಕೋನಕ್ಕೆ ಕೊಕ್ಕೆ ತಾಗಬಾರದು. ಇದನ್ನು ನೂರು ಸಲ ಮಾಡಿದವನ ಕೈ ಪರೀಕ್ಷಕರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ತರಗತಿ ಮುಗಿದ ಮೇಲೆ ಒಂದು ಗಂಟೆ ಕುದುರೆ ನೋಡಿಕೊಳ್ಳುವ ಸೈಸ್‌ಗಳ ಜತೆ ನಿಂತು ಮಾಲೀಸು ಮಾಡಲು, ಜೀನು ಬಿಗಿಯಲು, ಲಗಾಮು ತೊಳೆಯಲು ಬಿಡಿ ಎಂದು ಕೇಳಿ. ದಾರಿಯ ಖರ್ಚು ಆಗಲೇ ಆಗಿದೆ. ಈ ಗಂಟೆ ಅದರ ಮೇಲೆ ಬಂದ ಬಡ್ಡಿ. ದನ ಕಟ್ಟಿ ಬೆಳೆದ ಮಕ್ಕಳಿಗೆ ಇದರಲ್ಲಿ ಪಟ್ಟಣದ ಮಕ್ಕಳಿಗಿಂತ ಕೈ ಬೇಗ ಕೂಡುತ್ತದೆ.

ಇದು ಶ್ರೀಮಂತರ ಆಟ, ನಮಗೇಕೆ ಎನ್ನುವವರಿದ್ದಾರೆ. ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ಕಾಳಗದಲ್ಲಿ ಹೋರಾಡಿದ ನಾಡಿದು. ದಸರೆಯ ಜಂಬೂಸವಾರಿಯಲ್ಲಿ ಇವತ್ತಿಗೂ ಪೊಲೀಸ್ ಅಶ್ವಾರೋಹಿ ದಳ ಸಾಗುತ್ತದೆ. ಹಣದ ಮಾತೇ ಆದರೆ, ಕಡಿಮೆ ಖರ್ಚಿನ ಬಾಗಿಲೂ ಒಂದಿದೆ, ಅದು ಎನ್‌ಸಿಸಿಯ ರೀಮೌಂಟ್ ಅಂಡ್ ವೆಟರ್ನರಿ ಸ್ಕ್ವಾಡ್ರನ್. ರಾಜ್ಯದಲ್ಲಿ ಅದು ಬೆಂಗಳೂರಿನ ಹೆಬ್ಬಾಳದಲ್ಲಿದೆ. ಕೆಡೆಟ್ಟುಗಳು ಕುದುರೆಗೆ ಬಾಡಿಗೆ ಕಟ್ಟದೆ ಸವಾರಿ ಕಲಿತು ‘ಬಿ’, ‘ಸಿ’ ಸರ್ಟಿಫಿಕೇಟ್ ಪರೀಕ್ಷೆ ಬರೆಯುತ್ತಾರೆ. ಬೆಂಗಳೂರಿನಲ್ಲಿ ಓದಲು ಹೇಗೂ ಹೊರಟ ಮಕ್ಕಳು ಸೇರುವ ಮೊದಲೇ ಇದನ್ನು ವಿಚಾರಿಸಬೇಕು. ಆದರೂ ಆದಾಯದ ವಿಷಯದಲ್ಲಿ ಆಸೆ ಹುಟ್ಟಿಸುವ ಮಾತು ನಾನು ಆಡಲಾರೆ. ಅಶ್ವಾರೋಹಿ ದಳ ಚಿಕ್ಕದು, ಸವಾರಿ ಶಾಲೆಗಳೂ ಕಡಿಮೆ. ಸರ್ಟಿಫಿಕೇಟು ಕೈಗೆ ಬಂದರೆ ಕೆಲಸ ಬಂತು ಎಂದಲ್ಲ. ಆದ್ದರಿಂದ ಒಡವೆ ಅಡವಿಟ್ಟು, ಸಾಲ ಮಾಡಿ ಇದಕ್ಕೆ ಕೈಹಾಕಬಾರದು.

ನಮ್ಮಲ್ಲಿ ಹಣ ಬರುವುದು ಹತ್ತಿ ತೂಕವಾದಾಗ, ತಂಬಾಕಿನ ಬೇಲು ಹರಾಜಾದಾಗ. ಸವಾರಿಯ ಖರ್ಚು ಪ್ರತಿ ವಾರ. ಹಾಗಾಗಿ ಬೆಳೆಯ ಹಣ ಕೈಗೆ ಬಂದ ವಾರವೇ ಇದರ ಪಾಲನ್ನು ಬೇರೆ ಉಳಿತಾಯ ಖಾತೆಗೆ ಹಾಕಿ, ತಿಂಗಳಿಗಿಷ್ಟೇ ಎಂದು ತೆಗೆಯಿರಿ. ವರ್ಷದ ಫೀಸನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರೆ ತಕ್ಷಣ ಒಪ್ಪಬೇಡಿ. ಮಳೆಗೆ ತರಗತಿ ನಿಂತರೆ, ಮಗು ಬಿದ್ದು ಒಂದು ತಿಂಗಳು ಬರಲಾಗದಿದ್ದರೆ ಹಣ ವಾಪಸು ಬರುತ್ತದೆಯೇ ಕೇಳಿ. ಹದಿನೆಂಟು ತುಂಬಿದ್ದರೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ಅದು ಅಪಘಾತದಿಂದಾದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಆಸ್ಪತ್ರೆ ಬಿಲ್ಲಿಗಲ್ಲ. ಮನೆಯ ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆ ಹೊರಗಿದೆಯೇ ಎಂದು ಪಾಲಿಸಿಯ ಕಾಗದದಲ್ಲೇ ಓದಿ. ತರಗತಿಗೆ ದರ ಎಷ್ಟು, ತಪ್ಪಿದ ತರಗತಿಗೆ ಏನು, ಲಾಯದಲ್ಲಿ ಕೆಲಸ ಕಲಿಯಲು ಬಿಡುತ್ತೀರಾ, ಎಷ್ಟು ಬೇರೆ ಬೇರೆ ಕುದುರೆ ಕೊಡುತ್ತೀರಿ: ಈ ನಾಲ್ಕಕ್ಕೆ ಬರಹದಲ್ಲಿ ಉತ್ತರ ಕೊಡದ ಶಾಲೆಗೆ ಮುಂಗಡ ಕಟ್ಟಬೇಡಿ.