ವಿಷ ಎಷ್ಟು? ಅಪಾಯ ಎಷ್ಟು?



ಗೋಪನಕೊಪ್ಪದ ಸಂಘದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿ ಮುಗಿದ ಮೇಲೆ ಇಬ್ಬರು ಸದಸ್ಯೆಯರ ನಡುವೆ ಮಾತು ಬೆಳೆಯಿತು. ಇಬ್ಬರೂ ಹೊಲಕ್ಕೆ ಕೂಲಿಗೆ ಹೋಗುವವರು. "ನಿನ್ನೆ ಎಣ್ಣಿ ಹೊಡದಾರ, ಇವತ್ತ ಹತ್ತಿ ಹೊಲದಾಗ ಕಸ ತಗಿಯಾಕ ಕರದಾರ. ಹೋದ ಸಲ ತಲಿ ತಿರಗಿ ಕುಂತಿದ್ದೆ, ನಾ ಒಲ್ಲೆ" ಎಂದರು ಕಿರಿಯ ಸದಸ್ಯೆ. ಹಿರಿಯರು ನಕ್ಕುಬಿಟ್ಟರು. "ಇಪ್ಪತ್ತ ವರ್ಷ ಆತು ನಾ ಹೋಗಾಕತ್ತು. ನನಗೇನಾಗೇತಿ? ಏನೂ ಆಗೂದಿಲ್ಲ ಬಿಡವಾ. ಒಂದ ದಿನದ ಪಗಾರ ಯಾಕ ಕಳಕೋತಿ?"

ಯಾರ ಮಾತು ಖರೆ? ಇದನ್ನು ಧೈರ್ಯದಿಂದಲೋ ಹೆದರಿಕೆಯಿಂದಲೋ ತೀರ್ಮಾನ ಮಾಡಲು ಬರುವುದಿಲ್ಲ. ಅದಕ್ಕೆ ವಿಜ್ಞಾನಿಗಳು ಒಂದು ಲೆಕ್ಕ ಇಟ್ಟಿದ್ದಾರೆ. ಸಂಘದ ಲೆಕ್ಕ ಬರೆಯುವ ನಮಗೆ ಅದು ಕಷ್ಟವೇನಲ್ಲ.

ವಿಷ ಬೇರೆ, ಅಪಾಯ ಬೇರೆ

ಹಾವಾಡಿಗನ ಬುಟ್ಟಿಯೊಳಗಿನ ನಾಗರಹಾವಿಗೂ ವಿಷ ಇದೆ, ಕತ್ತಲಲ್ಲಿ ಕಾಲಡಿ ಸಿಕ್ಕ ನಾಗರಹಾವಿಗೂ ಅಷ್ಟೇ ವಿಷ ಇದೆ. ವಿಷ ಒಂದೇ, ಆದರೆ ಅಪಾಯ ಒಂದೇ ಅಲ್ಲ. ರಾಸಾಯನಿಕದ್ದೂ ಹಾಗೆಯೇ. ಆದ್ದರಿಂದ ನಾಲ್ಕು ಪ್ರಶ್ನೆ ಕೇಳಬೇಕು.

1. ಇದು ಏನು ಕೆಡುಕು ಮಾಡಬಲ್ಲದು? ಕೆಲವು ವಿಷಗಳು ಕೂಡಲೇ ತಲೆ ಸುತ್ತು, ವಾಂತಿ, ಉಸಿರುಗಟ್ಟುವಿಕೆ ತರುತ್ತವೆ. ಕೆಲವು ವರ್ಷಗಟ್ಟಲೆ ಸುಮ್ಮನಿದ್ದು ನರ, ಗರ್ಭ, ಮಕ್ಕಳ ಬೆಳವಣಿಗೆಗೆ ಪೆಟ್ಟು ಕೊಡುತ್ತವೆ.

2. ಎಷ್ಟು ಪ್ರಮಾಣಕ್ಕೆ ಎಷ್ಟು ಕೆಡುಕು? ಅತಿಯಾದರೆ ಅಮೃತವೂ ವಿಷ ಎನ್ನುತ್ತೇವಲ್ಲ, ಅದೇ ಮಾತು. ಇಲಿಯಂಥ ಪ್ರಾಣಿಗಳಿಗೆ ಬೇರೆ ಬೇರೆ ಪ್ರಮಾಣ ಕೊಟ್ಟು, ಯಾವ ಪ್ರಮಾಣದವರೆಗೆ ಏನೂ ತೊಂದರೆ ಕಾಣಲಿಲ್ಲ ಎಂದು ನೋಡುತ್ತಾರೆ. ಮನುಷ್ಯರ ಮೈ ಪ್ರಾಣಿಗಿಂತ ಸೂಕ್ಷ್ಮ ಇರಬಹುದೆಂದು ಅದನ್ನು 10ರಿಂದ ಭಾಗಿಸುತ್ತಾರೆ. ಮನುಷ್ಯರಲ್ಲೂ ಮಕ್ಕಳು, ಬಸುರಿಯರು, ಅಶಕ್ತರು ಇರುತ್ತಾರೆಂದು ಮತ್ತೊಮ್ಮೆ 10ರಿಂದ ಭಾಗಿಸುತ್ತಾರೆ. ಹೀಗೆ ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲನ್ನು ದಿನಕ್ಕೆ ಮೈಗೆ ಸೇರಬಹುದಾದ ಮಿತಿ ಎಂದು ಇಡುತ್ತಾರೆ.

3. ನಮ್ಮ ಮೈಗೆ ಎಷ್ಟು ಸೇರುತ್ತದೆ? ಬಾಯಿಂದ ಮಾತ್ರ ಅಲ್ಲ, ಮೂಗಿನಿಂದ ಮತ್ತು ಚರ್ಮದಿಂದಲೂ ವಿಷ ಒಳಗೆ ಹೋಗುತ್ತದೆ. ಹಸಿ ಎಲೆಗೆ ತಾಗಿದ ಸೀರೆ ಸಂಜೆವರೆಗೆ ಮೈಮೇಲೇ ಇದ್ದರೆ ಅಷ್ಟು ಹೊತ್ತೂ ವಿಷ ಮೈಗೆ ಅಂಟಿಕೊಂಡಿರುತ್ತದೆ. ಅದೇ ಸೀರೆಯಲ್ಲಿ ಕೂಸನ್ನು ಎತ್ತಿಕೊಂಡರೆ? 50 ಕಿಲೋ ತೂಕದ ತಾಯಿಗೂ 10 ಕಿಲೋ ತೂಕದ ಕೂಸಿಗೂ ಒಂದೇ ಪ್ರಮಾಣದ ವಿಷ ಸೇರಿದರೆ, ತೂಕಕ್ಕೆ ಹೋಲಿಸಿದಾಗ ಕೂಸಿಗೆ ಸೇರಿದ್ದು ಐದು ಪಟ್ಟು.

4. ಎಲ್ಲಾ ಕೂಡಿಸಿದರೆ ಏನು ಬಂತು? ಮೈಗೆ ಸೇರುವುದು ಮಿತಿಗಿಂತ ಹೆಚ್ಚೋ ಕಡಿಮೆಯೋ ನೋಡಿ, ಅಪಾಯ ಇಷ್ಟು ಎಂದು ಹೇಳುತ್ತಾರೆ.

ಡಬ್ಬಿಯ ಮೇಲಿನ ಬಣ್ಣ

ಓದಲು ಬಾರದವರಿಗೂ ತಿಳಿಯಲಿ ಎಂದು ನಮ್ಮ ದೇಶದಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಹಾಕುತ್ತಾರೆ. ಕೆಂಪು ಅತಿ ಹೆಚ್ಚು ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಪರೀಕ್ಷೆಗೆ ಇಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ಒಂದು ಕಿಲೋ ತೂಕಕ್ಕೆ ಎಷ್ಟು ವಿಷ ಹೊಟ್ಟೆಗೆ ಹೋಗಬೇಕು ಎಂಬುದರ ಮೇಲೆ ಈ ಬಣ್ಣ ನಿಂತಿದೆ. ಕೆಂಪಿಗೆ 1ರಿಂದ 50 ಮಿಲಿಗ್ರಾಂ ಸಾಕು. ಹಳದಿಗೆ 51ರಿಂದ 500, ನೀಲಿಗೆ 501ರಿಂದ 5000, ಹಸಿರಿಗೆ 5000ಕ್ಕಿಂತ ಹೆಚ್ಚು.

ಆದರೆ ಒಂದು ಮಾತು ಮರೆಯಬೇಡಿ. ಈ ಬಣ್ಣ ಹೇಳುವುದು ಕೂಡಲೇ ಜೀವ ತೆಗೆಯುವ ಶಕ್ತಿಯನ್ನು ಮಾತ್ರ. ದಿನಾ ಸ್ವಲ್ಪ ಸ್ವಲ್ಪ ಸೇರಿದರೆ ಹತ್ತು ವರ್ಷಕ್ಕೆ ಏನಾಗುತ್ತದೆ, ಎರಡು ಮೂರು ಎಣ್ಣಿ ಒಂದೇ ಪಂಪಿಗೆ ಬೆರೆಸಿದರೆ ಏನಾಗುತ್ತದೆ ಎಂದು ಬಣ್ಣ ಹೇಳುವುದಿಲ್ಲ. ಹಸಿರು ಐತಿ ಅಂತ ಬರಿಗೈಲೆ ಮುಟ್ಟಬಾರದು.

ಪಡ್ರೆ ಕಲಿಸಿದ ಪಾಠ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯಲ್ಲಿ ಪಡ್ರೆ ಎಂಬ ಹಳ್ಳಿ ಇದೆ. ಕನ್ನಡ, ತುಳು ಮಾತಾಡುವ ನಮ್ಮವರದೇ ಊರು. ಅಲ್ಲಿಯ ಗುಡ್ಡಗಳಲ್ಲಿ ಸರಕಾರಿ ನಿಗಮದ ಗೇರು ತೋಟ. ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದರು. ಗೇರು ಗಿಡಕ್ಕೆ ಹೊಡೆದದ್ದು ತೋಟದ ಕೆಳಗಿನ ಮನೆ, ತೊರೆ, ಶಾಲೆಗಳ ಮೇಲೂ ಬಿತ್ತು.

ಒಂದೇ ಊರಿನಲ್ಲಿ ಇಷ್ಟು ಮಕ್ಕಳಿಗೆ ಬುದ್ಧಿಮಾಂದ್ಯ, ಅಂಗವೈಕಲ್ಯ ಯಾಕೆ ಎಂದು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಪ್ರಶ್ನೆ ಎತ್ತಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಮೊದಲು ಅವರಿಗೆ ಸಿಕ್ಕ ಉತ್ತರ ಕೂಡ "ಏನೂ ಆಗೂದಿಲ್ಲ" ಎಂಬುದೇ.

ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದರು. ಅವರು ಪಡ್ರೆಯ ಮಕ್ಕಳನ್ನಷ್ಟೇ ನೋಡಲಿಲ್ಲ. ಆ ಎಣ್ಣಿ ಬೀಳದ ಇನ್ನೊಂದು ಊರಿನ ಮಕ್ಕಳನ್ನೂ ನೋಡಿ ಹೋಲಿಸಿದರು. 2003ರಲ್ಲಿ ಪ್ರಕಟವಾದ ಅವರ ಒಂದು ಲೇಖನದಲ್ಲಿ ಪಡ್ರೆಯ ಕಡೆಯ 117 ಗಂಡುಮಕ್ಕಳ ಮತ್ತು ಇನ್ನೊಂದು ಊರಿನ 90 ಗಂಡುಮಕ್ಕಳ ಲೆಕ್ಕ ಇದೆ. ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದೂ ತಡವಾಗಿತ್ತು.

ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳ ಸುತ್ತಲೂ ಇದೇ ದುಃಖ. ಕರ್ನಾಟಕ ಸರಕಾರ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲಾ ತಡೆ ಹಾಕಿತು. ಅಷ್ಟರಲ್ಲಿ ಎಷ್ಟೋ ತಾಯಂದಿರ ಬಾಳು ಹಾಸಿಗೆ ಹಿಡಿದ ಮಕ್ಕಳ ಆರೈಕೆಯಲ್ಲೇ ಕಳೆದಿತ್ತು.

ಎಣ್ಣಿ ಡಬ್ಬಿ ಅಡಿಗೆಮನೆಗೆ ಬೇಡ

ನಮ್ಮ ಕಡೆ ಅಡಿಗೆಗೂ ಎಣ್ಣಿ, ಬೆಳೆಗೂ ಎಣ್ಣಿ. ಹೆಸರು ಒಂದಾದರೂ ಡಬ್ಬಿ ಒಂದಾಗಬಾರದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡಿಗೆ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಎಂಬ ಕೀಟನಾಶಕ ಇತ್ತೆಂದು ಪ್ರಯೋಗಾಲಯ ಹೇಳಿತು. ಖಾಲಿ ಡಬ್ಬಿಯನ್ನು ಎಷ್ಟೇ ತೊಳೆದರೂ ನೀರಿಗೆ, ಎಣ್ಣೆಗೆ, ಕಾಳಿಗೆ ಬಳಸಬೇಡಿ. ಯಾರೂ ಬಳಸದಂತೆ ತೂತು ಮಾಡಿಬಿಡಿ.

ಹಾಗಾದರೆ ಯಾರ ಮಾತು ಖರೆ?

ಹಿರಿಯರು ಸುಳ್ಳು ಹೇಳಲಿಲ್ಲ. ಅವರಿಗೆ ಇನ್ನೂ ಏನೂ ಆಗಿರಲಿಕ್ಕಿಲ್ಲ. ಆದರೆ ಆರಾಮ ತಪ್ಪಿದವರು ಕೂಲಿಗೆ ಬರುವುದನ್ನೇ ಬಿಟ್ಟಿರುತ್ತಾರೆ. ಗಟ್ಟಿ ಉಳಿದವರನ್ನಷ್ಟೇ ನೋಡಿ "ಯಾರಿಗೂ ಏನೂ ಆಗಿಲ್ಲ" ಎಂದರೆ ಅದು ಅರ್ಧ ಲೆಕ್ಕ. ಹಾಗೆಯೇ, ಬಂದ ಪ್ರತಿ ಜಡ್ಡಿಗೂ ಎಣ್ಣಿಯೇ ಕಾರಣ ಎಂದರೂ ಲೆಕ್ಕ ತಪ್ಪುತ್ತದೆ. ಬರೆದಿಟ್ಟು ಹೋಲಿಸಿದರೆ ಮಾತ್ರ ಖರೆ ತಿಳಿಯುತ್ತದೆ.

ಹತ್ತು ರೂಪಾಯಿಯನ್ನೂ ಬಿಡದೆ ಬರೆಯುವ ನಮ್ಮ ಸಂಘ ಇನ್ನೊಂದು ವಹಿ ಇಡಲಿ. ಯಾರು ಯಾವ ದಿನ ಯಾವ ಹೊಲಕ್ಕೆ ಹೋದರು, ಹೊಡೆದ ಎಣ್ಣಿಯ ಹೆಸರೇನು, ಹೊಡೆದು ಎಷ್ಟು ದಿನವಾಗಿತ್ತು, ಏನು ತ್ರಾಸಾಯಿತು. ಹೋಗದವರ ಆರೋಗ್ಯವನ್ನೂ ಪಕ್ಕದಲ್ಲಿ ಬರೆಯಿರಿ. ಒಬ್ಬಳೇ "ನಾ ಒಲ್ಲೆ" ಎಂದರೆ ಪಗಾರ ಹೋಗುತ್ತದೆ. ಹತ್ತು ಮಂದಿ ವಹಿ ಹಿಡಿದು "ಎರಡ ದಿನ ಬಿಟ್ಟು ಬರ್ತೀವ್ರಿ" ಎಂದರೆ ಹೊಲದವರೂ ಕೇಳುತ್ತಾರೆ.

ಕೆಲಸದಲ್ಲಿ ತಲೆ ಸುತ್ತಿದರೆ ಕೂಡಲೇ ಹೊಲದಿಂದ ಹೊರಗೆ ಬಂದು, ಸೀರೆ ಬದಲಿಸಿ, ಸಾಬೂನು ಹಚ್ಚಿ ಮೈ ತೊಳೆಯಿರಿ. ಹೆಚ್ಚಾದರೆ 108ಕ್ಕೆ ಫೋನ್ ಮಾಡಿ. ದವಾಖಾನೆಗೆ ಹೋಗುವಾಗ ಎಣ್ಣಿಯ ಹೆಸರು ಬರೆದುಕೊಂಡು ಹೋಗಿ. ಡಾಕ್ಟರಿಗೆ ಅದೇ ಮೊದಲು ಬೇಕು.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಎಣ್ಣಿಯ ಖಾಲಿ ಡಬ್ಬಿ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ?
2. ಕಳೆದ ವಾರ ನಾವು ಹೋದ ಹೊಲಕ್ಕೆ ಹೊಡೆದ ಎಣ್ಣಿಯ ಹೆಸರು ಎಷ್ಟು ಜನರಿಗೆ ಗೊತ್ತು? ಅದರ ತ್ರಿಕೋನದ ಬಣ್ಣ ಯಾವುದು?
3. ಕೂಲಿಗೆ ಬರುವುದನ್ನು ಬಿಟ್ಟ ನಮ್ಮ ಓಣಿಯ ಹೆಣ್ಣುಮಕ್ಕಳು ಯಾರು? ಯಾಕೆ ಬಿಟ್ಟರು ಎಂದು ಅವರನ್ನು ಕೇಳಿದ್ದೇವೆಯೇ?