ಹೆಸರು ಕರೆಯುವ ಹೊತ್ತು ಬಂದೇ ಬರುತ್ತದೆ

ಪಾತ್ರದ ಹೆಸರು ಏನಾದರೇನು, ಆಟ ತಾನೆ ಎನ್ನುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯ ಊಟದ ಮೇಜಿನ ಮೇಲೆ ಭಾನುವಾರ ಭಾನುವಾರ ನಡೆಯುತ್ತಿದ್ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ, ಕೆಟ್ಟುಹೋಗಿದ್ದು ಒಂದು ಹೆಸರಿನಿಂದ. ಆ ಹೆಸರಿಟ್ಟವನು ನನ್ನ ಚಿಕ್ಕಪ್ಪನ ಮಗ. ಅವನು ಇದನ್ನು ಓದುತ್ತಾನೆ, ಓದಲಿ.

ಆಟ ನಡೆಸುವ ಹೊಣೆ ನನ್ನದಾಗಿತ್ತು. ಡ್ರ್ಯಾಗನ್ನು, ಎಲ್ಫುಗಳನ್ನೆಲ್ಲ ಬದಿಗಿಟ್ಟು ಕಥೆಯನ್ನು ಗಂಗರ ಕಾಲಕ್ಕೆ ತಂದಿದ್ದೆ. ಬರಗಾಲ, ತುರುಗಳ್ಳರು, ಒಂದು ಕೆರೆಯನ್ನೇ ನಂಬಿಕೊಂಡ ಊರು. ನಿಯಮವೆಲ್ಲ ಪುಸ್ತಕದ್ದೇ, ಊರು ಮಾತ್ರ ನಮ್ಮದು. ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್ ಹಂಚುವಾಗಲೇ ಎಲ್ಲರಿಗೂ ಹೇಳಿದ್ದೆ, ಹೆಸರು ಈ ಮಣ್ಣಿಗೆ ಹೊಂದಬೇಕು ಅಂತ. ಶಾಸನಗಳಲ್ಲಿ ಬರುವ ಹೆಸರುಗಳನ್ನು ಹುಡುಕಿ ಪಟ್ಟಿ ಮಾಡಿಯೂ ಕೊಟ್ಟಿದ್ದೆ: ನಾಗತ್ತರ, ಬೂತುಗ, ಎರೆಯಪ್ಪ, ಮಣಲೇರ, ಗೊಗ್ಗಿ. ಉಳಿದವರು ಆರಿಸಿಕೊಂಡರು, ಇಲ್ಲವೇ ತಾವೇ ಯೋಚಿಸಿ ಬರೆದರು. ಇವನು ಪಟ್ಟಿಯನ್ನು ತಿರುಗಿಸಿ ಕೂಡ ನೋಡಲಿಲ್ಲ. ಮೇಜಿನ ಮೇಲಿದ್ದ ತಟ್ಟೆಯತ್ತ ಒಮ್ಮೆ ಕಣ್ಣು ಹಾಯಿಸಿ, ಹೆಸರಿನ ಜಾಗದಲ್ಲಿ ‘ಬೋಂಡಾ’ ಎಂದು ಗೀಚಿದ.

ಬೇಡ ಅಂದೆ. ಅವನ ಬಳಿ ವಾದ ಸಿದ್ಧವಾಗಿತ್ತು. ಈ ಆಟವನ್ನು 1974ರಲ್ಲಿ ಡೇವ್ ಆರ್ನೆಸನ್ ಜೊತೆ ಸೇರಿ ಹೊರತಂದ ಗ್ಯಾರಿ ಗೈಗ್ಯಾಕ್ಸ್ ಮನೆಯಲ್ಲೇ ಹೀಗೆ ನಡೆದಿದೆಯಲ್ಲ ಅಂದ. ಗೈಗ್ಯಾಕ್ಸ್ ಮಗನ ಪಾತ್ರದ ಹೆಸರು ಮೆಲ್ಫ್. ಶೀಟಿನಲ್ಲಿ ಗಂಡು ಎನ್ನುವುದಕ್ಕೆ ‘ಎಂ’, ಕುಲದ ಜಾಗದಲ್ಲಿ ‘ಎಲ್ಫ್’ ಎಂದಿತ್ತು; ಎರಡನ್ನೂ ಕೂಡಿಸಿದರೆ ಹೆಸರು ತಯಾರು. ಇವತ್ತಿಗೂ ಆ ಹೆಸರಿನ ಆಮ್ಲಬಾಣದ ಮಂತ್ರ ನಿಯಮದ ಪುಸ್ತಕದಲ್ಲಿದೆ. ಜಿಮ್ ವಾರ್ಡ್ ಎಂಬ ಆಟಗಾರನ ಹೆಸರನ್ನು ಹಿಂದುಮುಂದಾಗಿ ಬರೆದು ಡ್ರಾಮಿಜ್ ಎಂಬ ಮಾಂತ್ರಿಕನನ್ನೂ ಮಾಡಿದ್ದಾರೆ. ‘ಅವರು ಮಾಡಿದರೆ ಸರಿ, ನಾನು ಮಾಡಿದರೆ ತಪ್ಪಾ?’ ಎಂಬುದು ಇವನ ಪ್ರಶ್ನೆ.

ಉತ್ತರ ಆಗಲೇ ಕೊಟ್ಟಿದ್ದೆ, ಈಗಲೂ ಅದನ್ನೇ ಕೊಡುತ್ತೇನೆ. ಮೆಲ್ಫ್ ಹುಟ್ಟಿದ್ದು ತಮಾಷೆಯಲ್ಲೇ ಇರಬಹುದು, ಕಿವಿಗೆ ಮಾತ್ರ ತಮಾಷೆ ಕೇಳಿಸುವುದಿಲ್ಲ. ಹಿನ್ನೆಲೆ ಗೊತ್ತಿಲ್ಲದವನಿಗೆ ಅದು ಒಬ್ಬ ಎಲ್ಫನ ಹೆಸರು, ಅಷ್ಟೆ. ‘ಬೋಂಡಾ’ ಅಂದರೆ ನಮ್ಮಲ್ಲಿ ಯಾರಿಗಾದರೂ ಮನುಷ್ಯನ ಮುಖ ಕಣ್ಣಮುಂದೆ ಬರುತ್ತದೆಯೇ? ಆದರೆ ಅವನು ಹುಟ್ಟಾ ಹಟಮಾರಿ. ಹೆಸರು ಬದಲಿಸುವುದಾದರೆ ಆಟಕ್ಕೇ ಬರುವುದಿಲ್ಲ ಅಂದ. ಚಿಕ್ಕಮ್ಮನೂ ಫೋನ್ ಮಾಡಿ, ಹೋಗಲಿ ಬಿಡೋ, ಹುಡುಗ ಖುಷಿಯಾಗಿರಲಿ ಅಂದರು. ಮೂವತ್ತು ದಾಟಿದ ಹುಡುಗ!

ಅದೇ ಮೇಜಿಗೆ ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿಯೂ ಬರುತ್ತಿದ್ದಳು. ಅವಳು ಪಾತ್ರಕ್ಕೆ ಸಾಕವ್ವ ಎಂದು ಹೆಸರಿಟ್ಟಳು. ಗಂಗರ ಕಾಲದ್ದಲ್ಲದಿದ್ದರೂ ನಾನು ತಕರಾರು ಮಾಡಲಿಲ್ಲ, ಯಾಕೆಂದರೆ ಆ ಹೆಸರಿನ ಹಿಂದೊಂದು ಮನೆಯಿತ್ತು. ಸಾಲಾಗಿ ಹೆಣ್ಣೇ ಹುಟ್ಟಿದಾಗ ಇನ್ನು ಹೆಣ್ಣು ಸಾಕಪ್ಪಾ ದೇವರೇ ಎಂದು ಹಿರಿಯರು ಇಡುತ್ತಿದ್ದ ಹೆಸರದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಯಮನ ಕಣ್ಣು ತಪ್ಪಿಸಲು ತಿಪ್ಪಣ್ಣ, ಗುಂಡಪ್ಪ, ಕಲ್ಲವ್ವ ಎಂದು ಇಡುತ್ತಿದ್ದರಲ್ಲ, ಅದೇ ಸಾಲಿಗೆ ಸೇರಿದ್ದು. ಸಾಕವ್ವ ಬಿಲ್ಲು ಹಿಡಿದಿದ್ದು, ಊರು ಬಿಟ್ಟಿದ್ದು, ಯಾರು ಹೊಗಳಿದರೂ ನಂಬದೇ ಇದ್ದಿದ್ದು ಎಲ್ಲಕ್ಕೂ ಕಾರಣ ಆ ಹೆಸರಿನಲ್ಲೇ ಇತ್ತು. ನಾನು ಕಥೆ ಕಟ್ಟಬೇಕಾಗಲೇ ಇಲ್ಲ.

ಆಟದೊಳಗೆ ಸಾಕವ್ವನನ್ನು ತಂಗಿಯಂತೆ ನೋಡಿಕೊಂಡವನು ಇದೇ ಬೋಂಡಾ. ಅದನ್ನು ಒಪ್ಪಿಕೊಳ್ಳಲೇಬೇಕು, ನನ್ನ ತಮ್ಮ ಆಟವನ್ನು ಚೆನ್ನಾಗಿಯೇ ಆಡುತ್ತಾನೆ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು.

ಒಂದು ಭಾನುವಾರ ಸಂಜೆ, ಆಟದಲ್ಲಿ ತುರುಗಳ್ಳರು ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಕೆರೆ ಏರಿಯ ಮೇಲೆ ಬೋಂಡಾ ಒಬ್ಬನೇ ಅಡ್ಡ ನಿಂತ. ಉಳಿದವರು ದನ ತಿರುಗಿಸಿಕೊಂಡು ಊರ ಕಡೆ ಓಡಲಿ ಎಂದು ತಾನೇ ಕೂಗಿ ಹೇಳಿದ. ಬಿದ್ದ. ಪುಸ್ತಕದ ನಿಯಮ ಗೊತ್ತಲ್ಲ, ಬಿದ್ದವನು ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹತ್ತಕ್ಕಿಂತ ಕಡಿಮೆ ಬಿದ್ದರೆ ಸೋಲು, ಮೂರು ಸೋಲಾದರೆ ಸಾವು. ಮೊದಲು 7 ಬಿತ್ತು. ಆಮೇಲೆ 14. ಎಲ್ಲರೂ ಉಸಿರು ಬಿಟ್ಟರು. ಸಾಕವ್ವ ದನಗಳನ್ನು ಬಿಟ್ಟು ಏರಿಯತ್ತ ವಾಪಸ್ ಓಡುತ್ತೇನೆ ಅಂದಳು. ಅವಳು ತಲುಪುವ ಮೊದಲೇ ಮತ್ತೆ ದಾಳ ಹಾಕಬೇಕಾಯಿತು. ದಾಳ ತಟ್ಟೆಯ ಅಂಚಿಗೆ ತಾಗಿ ತಿರುಗಿ ನಿಂತಿತು. 1. ಒಂದು ಬಿದ್ದರೆ ಅದು ಎರಡು ಸೋಲಿಗೆ ಸಮ. ಮುಗಿಯಿತು.

ಯಾರೂ ಮಾತಾಡಲಿಲ್ಲ. ಅಷ್ಟು ದಿನ ಆಟ ನಡೆಸಿದ್ದು ಆ ಮೌನಕ್ಕಾಗಿಯೇ ಎಂದು ನನಗನ್ನಿಸಿತು. ಆ ಹುಡುಗಿ ಪೆನ್ಸಿಲ್ ಹಿಡಿದುಕೊಂಡೇ ನಿಧಾನವಾಗಿ ಹೇಳತೊಡಗಿದಳು: ಏರಿಯ ಮೇಲೆ ವೀರಗಲ್ಲು ನಿಲ್ಲಿಸುತ್ತೇನೆ. ಕೆಳಗಿನ ಹಲಗೆಯಲ್ಲಿ ಅವನು ಹೋರಾಡುತ್ತಿರುವುದು, ಹಿಂದೆ ದನಗಳು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುವುದು. ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಅವಳ ಗಂಟಲು ಕಟ್ಟಿತ್ತು. ‘ಕಲ್ಲಿನ ಮೇಲೆ ಕೆತ್ತಿಸುತ್ತೇನೆ, ತುರುವಂ ಮಗುಳ್ಚಿ ಸತ್ತ...’

ಅಲ್ಲಿಗೆ ನಿಂತಳು. ಹೇಳಬೇಕಾಗಿದ್ದ ಮುಂದಿನ ಪದ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹೇಳಿದಳು. ‘...ಬೋಂಡಾ.’

ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲು ಆಗಲಿಲ್ಲ, ಇಡೀ ಮೇಜು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸತ್ತವನೇ. ಹುಡುಗಿ ನಗಲಿಲ್ಲ. ಶೀಟನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಅಮ್ಮ ಕರೆಯುತ್ತಿದ್ದಾರೆ ಅಂದು ಎದ್ದಳು. ಯಾರೂ ಕರೆದಿರಲಿಲ್ಲ. ಮುಂದಿನ ಭಾನುವಾರ ಪರೀಕ್ಷೆ ಇದೆ ಅಂದಳು. ಆಮೇಲೆ ಕರೆಯಲು ನನಗೇ ಬಾಯಿ ಬರಲಿಲ್ಲ. ‘ಅಷ್ಟೆಲ್ಲ ಸೀರಿಯಸ್ಸಾಗಿ ತಗೊಂಡ್ರೆ ಹೇಗೆ?’ ಎಂದ ನನ್ನ ತಮ್ಮ. ತಗೊಳ್ಳದಿದ್ದರೆ ಯಾಕೆ ಆಡಬೇಕು, ಹೇಳಿ.

ಅವತ್ತಿನಿಂದ ನನ್ನದು ಒಂದೇ ಪರೀಕ್ಷೆ: ಈ ಹೆಸರನ್ನು ವೀರಗಲ್ಲಿನ ಮೇಲೆ ಕೆತ್ತಿಸಬಹುದೇ? ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋಗಿ ನೋಡಿ. ಹತ್ತನೇ ಶತಮಾನದ್ದು. ಗಂಗ ದೊರೆ ಬೂತುಗನ ಸೇವೆಯಲ್ಲಿದ್ದ ಮಣಲೇರನಿಗೆ ಕಾಳಿ ಎಂಬ ನಾಯಿಯಿತ್ತು. ಕಾಡುಹಂದಿಯೊಡನೆ ಕಾದಾಡಿ ಹಂದಿಯೂ ಸತ್ತು ನಾಯಿಯೂ ಸತ್ತಿತು. ಆ ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ, ಹೆಸರನ್ನೂ ಕೆತ್ತಿಸಿದ್ದಾರೆ. ಸಾವಿರ ವರ್ಷ ದಾಟಿದರೂ ಕಾಳಿ ಎಂದು ಓದಿದರೆ ಯಾರಿಗೂ ನಗು ಬರುವುದಿಲ್ಲ. ಒಂದು ನಾಯಿಗೆ ಸಿಕ್ಕ ಮರ್ಯಾದೆ ನಮ್ಮ ಪಾತ್ರಕ್ಕೆ ಬೇಡವೇ?

ಉಳಿದಿದ್ದು ಸಣ್ಣಪುಟ್ಟ ಮಾತು. ಹೆಸರು ನಾಲ್ಕು ಅಕ್ಷರ ಮೀರದಿರಲಿ; ರುದ್ರಪ್ರತಾಪಸೇನ ಎಂದು ಬರೆದುಕೊಂಡ ಗೆಳೆಯನನ್ನು ನಾವು ಕೊನೆವರೆಗೂ ‘ಕತ್ತಿಯವನು’ ಎಂದೇ ಕರೆದೆವು. ಒಂದೇ ಮೇಜಿನಲ್ಲಿ ಬೂತುಗ, ಬೊಮ್ಮ, ಬೀರ ಮೂವರೂ ಬೇಡ, ಗಲಾಟೆಯಲ್ಲಿ ಯಾರನ್ನು ಕರೆದರೆಂದು ತಿಳಿಯುವುದಿಲ್ಲ. ದೇವರ ಹೆಸರು, ಶರಣರ ಹೆಸರುಗಳನ್ನು ಕಳ್ಳನಿಗೋ ಕಟುಕನಿಗೋ ಇಟ್ಟು ಇನ್ನೊಬ್ಬರ ಮನಸ್ಸು ನೋಯಿಸಬೇಡಿ. ಹೆಸರಿಟ್ಟವರು ಯಾರು, ಯಾಕೆ ಇಟ್ಟರು, ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಬಿರುದನ್ನು ಮಾತ್ರ ಮೊದಲೇ ಬರೆಯಬೇಡಿ. ಚಾವುಂಡರಾಯನಿಗೆ ವೀರಮಾರ್ತಂಡ, ರಣರಂಗಸಿಂಗ ಎಂಬ ಬಿರುದುಗಳು ಬಂದಿದ್ದು ಒಂದೊಂದು ಕಾಳಗ ಗೆದ್ದ ಮೇಲೆ. ಹೆಸರು ಮನೆಯವರು ಕೊಡಲಿ, ಬಿರುದನ್ನು ಆಟವೇ ಕೊಡುತ್ತದೆ.

ನಮ್ಮ ಮಣ್ಣಿನ ಹೆಸರು ಹೊಳೆಯದಿದ್ದರೆ ಅಜ್ಜಿಯನ್ನು ಕೇಳಿ. ಕಾದಂಬರಿಕಾರ ಟೋಲ್ಕಿನ್‌ ಅಂಥವರೇ ತಮ್ಮ ಕಥೆಯ ಕುಬ್ಜರಿಗೆ ಹೊಸ ಹೆಸರು ಹುಟ್ಟಿಸುವ ಗೋಜಿಗೆ ಹೋಗದೆ ಹಳೆಯ ನಾರ್ಸ್ ಕಾವ್ಯವಾದ ವೊಲುಸ್ಪಾದಿಂದ ಅವನ್ನು ಎತ್ತಿಕೊಂಡರು, ಗ್ಯಾಂಡಾಲ್ಫ್ ಕೂಡ ಅಲ್ಲಿಯದೇ. ನಮಗೆ ಶಾಸನಗಳಿವೆ, ಜಾತ್ರೆಗಳಿವೆ, ಮನೆತನಗಳಿವೆ, ಹೆಸರಿಗೇನು ಬರ?

ಆಟ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಹೆಸರು ಸರಿಯಿಲ್ಲ ಅನ್ನಿಸಿದರೆ ಮೊದಲ ದಿನವೇ ಶೀಟನ್ನು ವಾಪಸ್ ಕೊಡಿ. ಅಣ್ಣನಾಗಲಿ ತಮ್ಮನಾಗಲಿ, ಚಿಕ್ಕಮ್ಮನೇ ಫೋನ್ ಮಾಡಲಿ, ದಾಕ್ಷಿಣ್ಯಕ್ಕೆ ಬೀಳಬೇಡಿ. ಒಬ್ಬನ ಒಂದು ಗಳಿಗೆಯ ಖುಷಿಗಿಂತ ಮೇಜಿನ ಸುತ್ತ ಕೂತವರೆಲ್ಲ ಸೇರಿ ಕಟ್ಟಿದ ಕಥೆ ದೊಡ್ಡದು.